ನಲ್ಲಿ ಜೋರಾಗಿ ಬಿಟ್ಟುಕೊಂಡು

ಕಳೆದ ತಿಂಗಳು ಮಗನ ಚೆಕಪ್‌ಗೆ ಬೆಂಗಳೂರಿಗೆ ಹೋಗಿದ್ದೆ. ಮೂರು ತಿಂಗಳಿಗೊಮ್ಮೆ ಹೋಗಬೇಕು. ರಕ್ತ ಕೊಟ್ಟು, ರಿಪೋರ್ಟ್ ಬರುವವರೆಗೆ ಮಕ್ಕಳ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಪಕ್ಕದಲ್ಲೇ ಬಾತ್‌ರೂಮು. ಒಳಗೆ ನಲ್ಲಿ ಜೋರಾಗಿ ಸುರಿಯುತ್ತಿತ್ತು. ಐದು ನಿಮಿಷ ಆಯಿತು, ಹತ್ತು ನಿಮಿಷ ಆಯಿತು, ನಿಲ್ಲಲಿಲ್ಲ. ಕಸ ಗುಡಿಸುತ್ತಿದ್ದ ಹೆಂಗಸು, ಕೆಲಸಕ್ಕೆ ಹೊಸಬರಿರಬೇಕು, "ಯಾರಮ್ಮಾ ಅದು, ನೀರೆಲ್ಲ ವೇಸ್ಟು" ಅಂತ ಬಾಗಿಲು ತಟ್ಟಲು ಹೋದರು. ನಾನು ಎದ್ದು ತಡೆದೆ. "ಬಿಡಿ ಅಕ್ಕ, ಬರ್ತಾರೆ" ಅಂದೆ. ಅವರು ನನ್ನ ಮುಖ ನೋಡಿದರು. ಏನೂ ಕೇಳದೆ ಪೊರಕೆ ತಗೊಂಡು ಆ ಕಡೆ ಹೋದರು.

ಒಳಗಿದ್ದದ್ದು ಯಾರು ಅಂತ ನನಗೆ ಗೊತ್ತಿಲ್ಲ. ಏನು ಮಾಡುತ್ತಿದ್ದರು ಅಂತ ಚೆನ್ನಾಗಿ ಗೊತ್ತು. ಎರಡೂವರೆ ವರ್ಷ ನಾನೂ ಅದೇ ನಲ್ಲಿ ತಿರುಗಿಸಿದವಳು. ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಅಮ್ಮಂದಿರು ಅಳುವುದು ಅಲ್ಲೇ. ಮಗುವಿನ ಮುಂದೆ ಅಳುವ ಹಾಗಿಲ್ಲ, ಗಂಡನ ಮುಂದೆ ಅತ್ತರೆ ಅವರೂ ಕುಸಿದು ಕೂರುತ್ತಾರೆ, ಫೋನಿನಲ್ಲಿ ಅತ್ತರೆ ಊರಿನಲ್ಲಿ ಅಮ್ಮನಿಗೆ ಬಿಪಿ ಏರುತ್ತದೆ. ಬಕೆಟ್ ಇಟ್ಟು ನಲ್ಲಿ ಬಿಟ್ಟುಕೊಂಡರೆ ಯಾರಿಗೂ ಕೇಳಿಸುವುದಿಲ್ಲ. ಬಕೆಟ್ ತುಂಬುವಷ್ಟು ಹೊತ್ತು ನಿಮ್ಮದು. ಆಮೇಲೆ ಮುಖ ತೊಳೆದು ಹೊರಗೆ ಬರಬೇಕು. ನಲ್ಲಿ ಸುರಿಯುತ್ತಿದ್ದರೆ ನಮ್ಮಲ್ಲಿ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಹಾಗಂತ ಯಾರೂ ಮಾತಾಡಿಕೊಂಡಿರಲಿಲ್ಲ.

ಅವತ್ತು ರೈಲಿನಲ್ಲಿ ವಾಪಸ್ ಬರುವಾಗ ಇದನ್ನು ಬರೆಯಬೇಕು ಅನ್ನಿಸಿತು.

ನಮ್ಮೂರು ತಿಪಟೂರು. ನಮ್ಮ ಮನೆಯವರು ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ವರ್ತಕರೊಬ್ಬರ ಹತ್ತಿರ ಲೆಕ್ಕ ಬರೆಯುತ್ತಾರೆ. ನಾನು ಸೊಸೈಟಿಯಲ್ಲಿ ಗುಮಾಸ್ತೆ. 2022ರ ಜೂನ್. ಮಗನಿಗೆ ಐದು ವರ್ಷ. ಜ್ವರ ಬರುತ್ತಿತ್ತು, ಹೋಗುತ್ತಿತ್ತು. ರಾತ್ರಿ ಕಾಲು ನೋವು ಅಂತ ಎದ್ದು ಅಳುತ್ತಿದ್ದ. ಬೆಳೆಯುವ ಮಕ್ಕಳಿಗೆ ಅದೆಲ್ಲ ಇದ್ದದ್ದೇ ಅಂದರು. ತೋರಿಸಿದ ಕಡೆ ವೈರಲ್ ಜ್ವರ ಅಂತ ಎರಡು ಸಲ ಸಿರಪ್ ಕೊಟ್ಟು ಕಳಿಸಿದರು. ಒಂದು ಭಾನುವಾರ ಎಣ್ಣೆ ಹಚ್ಚಿ ಸ್ನಾನ ಮಾಡಿಸುತ್ತಿದ್ದೆ. ಮೊಣಕಾಲಿನ ಕೆಳಗೆ ನೇರಳೆ ಹಣ್ಣು ಒರೆಸಿದ ಹಾಗೆ ಕಲೆಗಳು. ಎಲ್ಲೋ ಬಿದ್ದಿದ್ದಾನೆ ಅಂದುಕೊಂಡು ತಿರುಗಿಸಿದೆ. ಬೆನ್ನಿನ ಮೇಲೂ ಇದ್ದವು. ಬೆನ್ನಿನ ಮೇಲೆ ಯಾವ ಮಗು ಅಷ್ಟು ಕಡೆ ಬಿದ್ದುಕೊಳ್ಳುತ್ತದೆ? ಕೈಯಲ್ಲಿದ್ದ ಸೋಪು ಜಾರಿತು. ಅದು ಜಾರಿ ಮೋರಿಯ ಹತ್ತಿರ ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾಲ್ಕೇ ದಿನದಲ್ಲಿ ಬೆಂಗಳೂರು. ಮೂಳೆಮಜ್ಜೆ ತೆಗೆದು ಪರೀಕ್ಷೆ ಮಾಡಿದರು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಎಎಲ್‌ಎಲ್. ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಜಾಸ್ತಿ, ವಾಸಿ ಮಾಡಬಹುದು, ಆದರೆ ಎರಡೂವರೆ ವರ್ಷ ಚಿಕಿತ್ಸೆ, ಮಧ್ಯದಲ್ಲಿ ಬಿಡುವ ಹಾಗಿಲ್ಲ ಅಂದರು ಡಾಕ್ಟರು. ಇನ್ನೊಂದು ಮಾತೂ ಹೇಳಿದರು. "ಇದು ನೀವು ಏನೋ ಮಾಡಿದ್ದರಿಂದ ಬಂದದ್ದಲ್ಲಮ್ಮ." ಕಿವಿಗೆ ಬಿತ್ತು. ಒಳಗೆ ಇಳಿಯಲಿಲ್ಲ.

ಒಳಗೆ ಇಳಿಯದ್ದಕ್ಕೆ ಕಾರಣ ಇದೆ. ಅವತ್ತು ರಾತ್ರಿಯೇ ನಾನು ಒಂದು ಪಟ್ಟಿ ಮಾಡಲು ಶುರು ಮಾಡಿದ್ದೆ. ಬಸುರಿಯಲ್ಲಿ ಜಾಂಡಿಸ್‌ಗೆ ನುಂಗಿದ ಮಾತ್ರೆ. ಗ್ರಹಣದ ದಿನ ಬಟ್ಟೆ ತರಲು ಮಹಡಿಗೆ ಹೋಗಿದ್ದು. ಅನ್ನ ತಿನ್ನಲಿ ಅಂತ ಕೈಗೆ ಮೊಬೈಲ್ ಕೊಟ್ಟಿದ್ದು. ಸಂಜೆ ಸುಸ್ತಾಗಿ ಬಂದಾಗ ಮಾಡಿಕೊಟ್ಟ ಮ್ಯಾಗಿ. ನನ್ನ ಪಟ್ಟಿ ಸಾಲದು ಅಂತ ನೆಂಟರೂ ಸೇರಿಸಿದರು. "ನೀನು ಕೆಲಸಕ್ಕೆ ಹೋಗ್ತಿದ್ದೆಯಲ್ಲ, ಎದೆಹಾಲು ಎಷ್ಟು ತಿಂಗಳು ಕೊಟ್ಟೆ?" ಅಂತ ಒಬ್ಬರು ಕೇಳಿದರು. ತಂದೆಯನ್ನು ಯಾರೂ ಹೀಗೆ ಕೇಳುವುದಿಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಮಗುವಿಗೆ ಏನೇ ಬರಲಿ, ಮೊದಲ ಬೆರಳು ತೋರುವುದು ಹೆತ್ತವಳ ಹೊಟ್ಟೆಯ ಕಡೆಗೆ. ಮಕ್ಕಳ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವಕ್ಕೆ ಕಾರಣವೇ ಸಿಗುವುದಿಲ್ಲ. ಹುಟ್ಟಿನಿಂದ ಬಂದ ಜೀನ್ ದೋಷ ಕಾಣುವುದು ಹತ್ತರಲ್ಲಿ ಒಂದು ಮಗುವಿಗೆ. ಇದನ್ನು ನಾನು ಓದಿ, ಮತ್ತೆ ಓದಿ, ಬಾಯಿಪಾಠ ಮಾಡಿದರೂ ಪಟ್ಟಿ ಹರಿದು ಹಾಕಲು ಒಂದು ವರ್ಷ ಬೇಕಾಯಿತು.

ಆ ಮೊದಲ ವಾರ ಫೋನು ಬಂದಾಗೆಲ್ಲ ಒಂದೇ ಮಾತು. "ಧೈರ್ಯ ತಗೋ." ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು, ನನಗೆ ಅವರ ಮೇಲೆ ಬೇಸರವಿಲ್ಲ. ಆದರೆ ಧೈರ್ಯ ಎಲ್ಲಿಂದ ತಗೊಳ್ಳುವುದು ಅಂತ ಯಾರೂ ಹೇಳಲಿಲ್ಲ. "ನೀನು ತುಂಬಾ ಗಟ್ಟಿಗಿತ್ತಿ" ಅಂದಾಗ ಇನ್ನೂ ಕಷ್ಟ. ಹಾಗೆ ಅನ್ನಿಸಿಕೊಂಡ ಮೇಲೆ ಕುಸಿದು ಕೂರುವುದಕ್ಕೂ ಜಾಗ ಉಳಿಯುವುದಿಲ್ಲ.

ನನಗೆ ದಾರಿ ತೋರಿಸಿದವರು ರಾಯಚೂರು ಕಡೆಯ ಒಬ್ಬ ಅಕ್ಕ. ಎರಡು ವಾರ ವಾರ್ಡಿನಲ್ಲಿದ್ದು ನಾವು ಆಸ್ಪತ್ರೆಯ ಹತ್ತಿರದ ಧರ್ಮಶಾಲೆಗೆ ಬಂದಿದ್ದೆವು. ಎಂಟು ಸಂಸಾರ, ಒಂದು ಅಡುಗೆಮನೆ. ಅವರು ಮಗಳ ಜೊತೆ ಅಲ್ಲಿಗೆ ಬಂದು ಏಳು ತಿಂಗಳಾಗಿತ್ತು. ಮೊದಲ ದಿನ ಒಲೆ ಮುಂದೆ ನಿಂತು ನನಗೆ ಏನೂ ತೋಚಲಿಲ್ಲ. ಬೆಂಕಿಕಡ್ಡಿ ಕೈಯಲ್ಲೇ ಇತ್ತು, ಕಣ್ಣು ತುಂಬಿ ಬಂತು. ಅವರು ಹಿಂದಿನಿಂದ ಬಂದು ಕಡ್ಡಿ ತಗೊಂಡು ಒಲೆ ಹಚ್ಚಿದರು. "ಅಳೂದು ಆಮೇಲೆ ಐತಿ ತಂಗಿ. ಈಗ ಮೊದ್ಲ ಗಂಜಿ ಕಾಸು" ಅಂದರು. ಅಷ್ಟೇ. ಸಮಾಧಾನದ ಮಾತು ಒಂದೂ ಇಲ್ಲ. ನಾನು ಗಂಜಿ ಕಾಸಿದೆ. ಆಮೇಲೆ ನೀರು ಕುದಿಸಿ ಆರಿಸಿಟ್ಟೆ. ಆಮೇಲೆ ಅವನ ಬಟ್ಟೆ ಡೆಟಾಲಿನಲ್ಲಿ ಅದ್ದಿದೆ. ಸಂಜೆ ಆಯಿತು.

ಎರಡೂವರೆ ವರ್ಷ ಕಳೆದದ್ದು ಹಾಗೇ. ನಾಳೆ ಏನಾಗುತ್ತದೆ ಅನ್ನುವುದನ್ನು ಹಿಡಿದುಕೊಳ್ಳಲು ಹೋದರೆ ಕೈ ನಡುಗುತ್ತಿತ್ತು. ಮುಂದಿನ ಕೆಲಸ ಏನು ಅನ್ನುವುದನ್ನು ಹಿಡಿದುಕೊಂಡರೆ ನಿಲ್ಲುತ್ತಿತ್ತು. ಆಮೇಲೆ ಎಷ್ಟೋ ದಿನಕ್ಕೆ ಒಂದು ವಿಷಯ ಓದಿದೆ. ಅಮೆರಿಕದಲ್ಲಿ ಮಗುವಿಗೆ ಹೊಸದಾಗಿ ಕ್ಯಾನ್ಸರ್ ಗೊತ್ತಾದ 430 ತಾಯಂದಿರ ಮೇಲೆ ಒಂದು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದ್ದಾರೆ. ಅರ್ಧ ಜನಕ್ಕೆ ಒಂದು ಪಾಠ ಹೇಳಿಕೊಟ್ಟರು. ದೊಡ್ಡ ಕಷ್ಟವನ್ನು ಸಣ್ಣದಾಗಿ ಒಡೆಯುವುದು, ಒಂದೊಂದಕ್ಕೆ ಏನು ಮಾಡಬಹುದು ಅಂತ ಬರೆಯುವುದು, ಒಂದನ್ನು ಮಾಡಿ ನೋಡುವುದು. ಆ ತಾಯಂದಿರ ಮನಸ್ಸಿನ ಭಾರ ಉಳಿದವರಿಗಿಂತ ಕಡಿಮೆಯಾಯಿತಂತೆ. ಓದುತ್ತಾ ನನಗೆ ರಾಯಚೂರಿನ ಅಕ್ಕ ನೆನಪಾದರು. ಅವರಿಗೆ ಯಾರು ಪಾಠ ಹೇಳಿಕೊಟ್ಟಿದ್ದರು?

ನನ್ನ ಕೈಗೆ ಸಿಕ್ಕ ಕೆಲಸ ಲೆಕ್ಕ. ಸೊಸೈಟಿಯಲ್ಲಿ ಮಾಡುತ್ತಿದ್ದದ್ದೇ ಅದು. ಇನ್ನೂರು ಪುಟದ ಒಂದು ರೂಲ್ಡ್ ನೋಟ್‌ಬುಕ್ ತಂದು ಗೆರೆ ಎಳೆದೆ. ತಾರೀಕು, ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್ಲೆಟ್, ಜ್ವರ, ಕೊಟ್ಟ ಔಷಧಿ, ತಿಂದದ್ದು, ಮಲವಿಸರ್ಜನೆ. ಒಂದು ದಿನ ಪ್ಲೇಟ್ಲೆಟ್ 11,000ಕ್ಕೆ ಇಳಿದಿತ್ತು. ಒಂದೂವರೆ ಲಕ್ಷದ ಮೇಲೆ ಇರಬೇಕಾದದ್ದು. ಆ ಅಂಕಿ ಬರೆಯುವಾಗ ಪೆನ್ನು ಒತ್ತಿ ಹಿಂದಿನ ಪುಟದವರೆಗೂ ಅಚ್ಚು ಬಿದ್ದಿದೆ. ತಿಪಟೂರಿನಿಂದ ಇಬ್ಬರು ಹುಡುಗರು ರೈಲು ಹತ್ತಿ ಬಂದು ಪ್ಲೇಟ್ಲೆಟ್ ಕೊಟ್ಟು ಹೋದರು. ತೆಗೆದ ಪ್ಲೇಟ್ಲೆಟ್ ಐದೇ ದಿನ ಇಡಲು ಬರುವುದು, ಹಾಗಾಗಿ ಮತ್ತೆ ಮತ್ತೆ ಯಾರನ್ನಾದರೂ ಕೇಳುತ್ತಲೇ ಇರಬೇಕು. ಕೇಳುವುದನ್ನೂ ಆಗಲೇ ಕಲಿತದ್ದು.

ಮೊದಲ ತಿಂಗಳು ಸ್ಟೀರಾಯ್ಡ್ ಮಾತ್ರೆ. ಅದು ತರುವ ಹಸಿವು ನೋಡಿದವರಿಗೇ ಗೊತ್ತು. ರಾತ್ರಿ ಎರಡು ಗಂಟೆಗೆ ಎಬ್ಬಿಸಿ "ಅಮ್ಮ, ಪುಳಿಯೋಗರೆ" ಅನ್ನುತ್ತಿದ್ದ. ತಡವಾದರೆ ಸಿಟ್ಟು, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಕೆನ್ನೆ ಬನ್ನಿನ ಹಾಗೆ ಊದಿಕೊಂಡು ಮುಖವೇ ಬದಲಾಗಿತ್ತು. ಬಿಸಿ ಬಿಸಿ ಅನ್ನಕ್ಕೆ ಗೊಜ್ಜು ಕಲಸಿಕೊಟ್ಟರೆ ತಟ್ಟೆಯಿಂದ ತಲೆ ಎತ್ತದೆ ತಿನ್ನುತ್ತಿದ್ದ. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಇನ್ನೂ ಇಬ್ಬರು ಮೂವರು ಅಮ್ಮಂದಿರು ನಿಂತಿರುತ್ತಿದ್ದರು. ಒಬ್ಬರದು ಉಪ್ಪಿಟ್ಟು, ಒಬ್ಬರದು ರೊಟ್ಟಿ. ನನಗೆ ಆ ರಾತ್ರಿಗಳು ಕೆಟ್ಟದಾಗಿ ನೆನಪಿಲ್ಲ. ಒಗ್ಗರಣೆಯ ವಾಸನೆ ಇತ್ತು, ಜೊತೆಗೆ ಜನ ಇದ್ದರು, ಮಗ ತಿನ್ನುತ್ತಿದ್ದ.

ಕೆಟ್ಟದಾಗಿ ನೆನಪಿರುವುದು ಬೆನ್ನಿಗೆ ಕೊಡುವ ಇಂಜೆಕ್ಷನ್. ಮೆದುಳಿನ ಸುತ್ತ ಕಾಯಿಲೆ ಅಡಗಿ ಕೂರದ ಹಾಗೆ ಬೆನ್ನುಹುರಿಯ ನೀರಿಗೇ ಔಷಧಿ ಬಿಡುತ್ತಾರೆ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ತಾಗುವ ಹಾಗೆ ಬಾಗಿಸಿ ಹಿಡಿಯಬೇಕು. ಮೊದಲ ಸಲ ನಾನೇ ಹಿಡಿದೆ. ಅವನ ಹಣೆ ನನ್ನ ಹೊಟ್ಟೆಗೆ ಒತ್ತಿತ್ತು. ಸ್ಪಿರಿಟ್ ವಾಸನೆ. "ಅಮ್ಮ, ಎಣಿಸು" ಅಂದ. ಎಣಿಸಿದೆ. ಒಂದು, ಎರಡು, ಮೂರು. ಸಿರಿಂಜಿನಲ್ಲಿದ್ದ ಮೆಥೊಟ್ರೆಕ್ಸೇಟ್ ಅರಿಶಿನ ಕದಡಿದ ನೀರಿನ ಬಣ್ಣ. ಕಣ್ಣು ಅದರ ಮೇಲೇ ಇಟ್ಟುಕೊಂಡು ಎಣಿಸಿದೆ. ನಲವತ್ತೊಂದಕ್ಕೆ ಮುಗಿಯಿತು. ಸರಿಯಾಗಿ ಹಿಡಿದಿದ್ದೀರಮ್ಮ ಅಂತ ಸಿಸ್ಟರ್ ಹೇಳಿದರು. ನೋವು ಕೊಡುವುದಕ್ಕೆ ಮಗನನ್ನು ನಾನೇ ಹಿಡಿದು ಕೊಟ್ಟೆ ಅನ್ನುವುದು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಅವತ್ತು ಬಕೆಟ್ ಎರಡು ಸಲ ತುಂಬಿ ಹರಿಯಿತು.

ಆ ಹಳದಿ ಔಷಧಿ ಎಲ್ಲಿಂದ ಬಂತು ಅಂತ ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅನ್ನುವ ಡಾಕ್ಟರು, ಅಮಿನೊಪ್ಟೆರಿನ್ ಅನ್ನುವ ಔಷಧಿ ಕೊಟ್ಟರೆ ರಕ್ತದ ಕ್ಯಾನ್ಸರ್ ಇರುವ ಮಕ್ಕಳು ಸ್ವಲ್ಪ ಕಾಲವಾದರೂ ಚೇತರಿಸಿಕೊಳ್ಳುತ್ತಾರೆ ಅಂತ ಮೊದಲ ಸಲ ತೋರಿಸಿದರು. ಅದರ ಹತ್ತಿರದ ಸಂಬಂಧಿ ಮೆಥೊಟ್ರೆಕ್ಸೇಟ್. ಅಮಿನೊಪ್ಟೆರಿನ್ ತಯಾರಿಸಿದ ತಂಡವನ್ನು ನಡೆಸುತ್ತಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಗುವಿನ ಅಮ್ಮ ಏನು ಮಾಡುತ್ತಿದ್ದಳು? ಎಣಿಸುವುದಕ್ಕೆ ಅವಳಿಗೆ ಏನೂ ಇರಲಿಲ್ಲ. ನಮ್ಮ ಪಕ್ಕದ ರಾಜ್ಯದವರೊಬ್ಬರ ಕೆಲಸ ನನ್ನ ಮಗನ ಬೆನ್ನೊಳಗೆ ಇಳಿಯುತ್ತಿದೆ ಅಂತ ಗೊತ್ತಾದ ಮೇಲೆ, ಮುಂದಿನ ಸಲ ಹಿಡಿಯುವಾಗ ಕೈ ಸ್ವಲ್ಪ ಕಡಿಮೆ ನಡುಗಿತು. ತಿಳಿದುಕೊಂಡರೆ ಭಯ ಜಾಸ್ತಿ ಆಗುತ್ತದೆ ಅನ್ನುತ್ತಾರೆ. ನನಗೆ ಆಗಲಿಲ್ಲ.

ವಾರಕ್ಕೊಮ್ಮೆ ಕೊಡುತ್ತಿದ್ದ ಇನ್ನೊಂದು ಔಷಧಿ ವಿನ್‌ಕ್ರಿಸ್ಟೀನ್. ಅದು ನಿತ್ಯಪುಷ್ಪದ ಗಿಡದಿಂದ ಬಂದದ್ದು. ನಮ್ಮ ಅಂಗಳದಲ್ಲಿ ಕಾಂಪೌಂಡ್ ಉದ್ದಕ್ಕೂ ಬೆಳೆದಿದೆ, ಅತ್ತೆ ದಿನಾ ಪೂಜೆಗೆ ಬಿಡಿಸುತ್ತಾರೆ. ವಿಷಯ ತಿಳಿದು ಅತ್ತೆಗೆ ಎಷ್ಟು ಸಂತೋಷವಾಯಿತು ಅಂದರೆ ಫೋನಿನಲ್ಲೇ ಅತ್ತರು. ಆದರೆ ಮಾರನೇ ದಿನ ಯಾರೋ ಎಲೆ ಅರೆದು ರಸ ಕುಡಿಸಿ ಅಂತ ಹೇಳಿ ಹೋದರು. ಡಾಕ್ಟರನ್ನು ಕೇಳಿದೆ. ಬೇಡವೇ ಬೇಡ ಅಂದರು. ಗಿಡದಲ್ಲಿ ಆ ಅಂಶ ಇರುವುದು ತೀರಾ ಸ್ವಲ್ಪ, ಶುದ್ಧ ಮಾಡಿ ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡುವುದು ಬೇರೆ, ಎಲೆ ಅರೆದು ಕುಡಿಸಿದರೆ ಅದೇ ವಿಷ. ಇದನ್ನು ಓದುತ್ತಿರುವವರ ಮನೆಯಲ್ಲಿ ಯಾರಾದರೂ ಹಾಗೆ ಹೇಳಿದರೆ ದಯವಿಟ್ಟು ತಡೆಯಿರಿ.

ಕೂದಲು ಉದುರಲು ಶುರುವಾದಾಗ ಅತ್ತೆಯೇ ಬೆಂಗಳೂರಿಗೆ ಬಂದರು. ದಿಂಬಿನ ಮೇಲೆ ಗೊಂಚಲು ಗೊಂಚಲು ಕೂದಲು ನೋಡಿ ಮಗ ಹೆದರಿದ್ದ. ಅತ್ತೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಿಂಗೆ ಎರಡನೇ ಸಲ ಜವಳ ಕಣೋ. ಎಷ್ಟು ಮಕ್ಕಳಿಗೆ ಎರಡು ಸಲ ಜವಳ ಆಗುತ್ತೆ ಹೇಳು" ಅಂದರು. ಅವನ ಕೈಗೆ ಬೆಲ್ಲ ಕೊಟ್ಟು ತಲೆ ಬೋಳಿಸಿದರು. ನನಗೆ ಅವರ ಜೊತೆ ಹಿಂದೆ ಎಷ್ಟೋ ಸಣ್ಣ ಪುಟ್ಟ ಮನಸ್ತಾಪ ಇತ್ತು. ಅವತ್ತು ಎಲ್ಲ ಹೋಯಿತು.

ಮೊದಲ ತಿಂಗಳು ಮುಗಿದಾಗ ಮಜ್ಜೆಯಲ್ಲಿ ಕ್ಯಾನ್ಸರ್ ಕಣ ಕಾಣಲಿಲ್ಲ. ಇಲ್ಲೇ ಎಷ್ಟೋ ಮನೆಗಳು ಎಡವುವುದು. ಮಗು ಓಡಾಡುತ್ತದೆ, ನಗುತ್ತದೆ. "ಆಟ ಆಡ್ತಿದ್ದಾನಲ್ಲ, ಇನ್ನೂ ಯಾಕೆ ಸೂಜಿ?" ಅಂತ ಮನೆಯವರೇ ಕೇಳುತ್ತಾರೆ. ಕೂಲಿ ಹೋಗಿದೆ, ಸಾಲ ಏರಿದೆ, ಊರಿನಲ್ಲಿ ಇನ್ನೊಂದು ಮಗು ಕಾಯುತ್ತಿದೆ. ಹಾಗೆ ಹೋದವರು ಕೆಲವರು ಆರು ತಿಂಗಳಿಗೆ ವಾಪಸ್ ಬಂದರು. ಆಗ ಮಗುವಿನ ಸ್ಥಿತಿ ನೋಡುವ ಹಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇಕಡಾ 80ಕ್ಕೂ ಹೆಚ್ಚು ವಾಸಿಯಾಗುತ್ತಾರೆ, ಎಷ್ಟೋ ಬಡ ದೇಶಗಳಲ್ಲಿ 30 ಕೂಡ ದಾಟುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಡುವುದೂ ಅದಕ್ಕೆ ಒಂದು ಕಾರಣ. ಆ ಎರಡೂವರೆ ವರ್ಷ ತಾರೀಕು ನೆನಪಿಟ್ಟುಕೊಂಡು, ರಾತ್ರಿ ಮಾತ್ರೆ ಕೊಟ್ಟು, ಜ್ವರ 100.4 ದಾಟಿದ ತಕ್ಷಣ ಹೊತ್ತುಕೊಂಡು ಓಡುವವಳು ಅಮ್ಮ. ಅವಳ ಮನಸ್ಸು ನಿಂತಿದೆಯಾ ಅಂತ ನೋಡುವುದು ಚಿಕಿತ್ಸೆಯ ಭಾಗವೇ ಆಗಬೇಕು. ಮಗುವಿನ ಫೈಲಿನಲ್ಲಿ ಅದಕ್ಕೂ ಒಂದು ಪುಟ ಇರಬೇಕು.

ಇನ್ನು ಹೇಳಬೇಕಾದದ್ದು ಬರೆಯುವುದಕ್ಕೆ ಕಷ್ಟ. ರಾಯಚೂರಿನ ಅಕ್ಕನ ಮಗಳು ಉಳಿಯಲಿಲ್ಲ. ಕಾಯಿಲೆ ಮರುಕಳಿಸಿತ್ತು. ಏಳು ವರ್ಷದ ಹುಡುಗಿ, ನನ್ನ ಮಗನಿಗೆ ಪಗಡೆ ಕಲಿಸಿದವಳು. ಸುದ್ದಿ ಬಂದಾಗ ನಾನು ಮಗನ ಉಗುರು ಕತ್ತರಿಸುತ್ತಿದ್ದೆ. ಮೊದಲು ಮನಸ್ಸಿಗೆ ಬಂದದ್ದು "ಸದ್ಯ, ನನ್ನ ಮಗ ಅಲ್ಲ." ಒಂದು ಕ್ಷಣ. ಆಮೇಲೆ ಬಂದ ನಾಚಿಕೆಗೆ ಹೆಸರಿಲ್ಲ. ನನಗೆ ಒಲೆ ಹಚ್ಚಿಕೊಟ್ಟವರ ಮಗು ಅದು. ಊರಿಗೆ ಹೊರಡುವ ಮುಂಚೆ ಅಕ್ಕ ನನ್ನ ಹತ್ತಿರ ಬಂದು ತಮ್ಮ ಐದು ಲೀಟರ್ ಕುಕ್ಕರ್ ಕೊಟ್ಟರು. "ಗ್ಯಾಸ್ಕೆಟ್ ಹೊಸಾದೈತಿ" ಅಂದರು. ನನಗೆ ಅವರ ಕಣ್ಣು ನೋಡಲು ಆಗಲಿಲ್ಲ. ಆಮೇಲೆ ಬೇರೆ ಅಮ್ಮಂದಿರ ಹತ್ತಿರ ಈ ಮಾತು ತೆಗೆದಾಗ ಗೊತ್ತಾಯಿತು, ಎಲ್ಲರಿಗೂ ಹಾಗೇ ಅನ್ನಿಸಿದೆ, ಎಲ್ಲರೂ ಬಚ್ಚಿಟ್ಟುಕೊಂಡಿದ್ದಾರೆ. ನಿಮಗೂ ಅನ್ನಿಸಿದ್ದರೆ ನೀವು ಕೆಟ್ಟವರಲ್ಲ.

ಸಹಾಯದ ಬಗ್ಗೆ ಒಂದೇ ಮಾತು. "ಏನು ಬೇಕಾದರೂ ಕೇಳು" ಅಂದವರು ನೂರು ಜನ. ಬೆಂಗಳೂರಿನಲ್ಲಿದ್ದ ನನ್ನ ಕಾಲೇಜಿನ ಗೆಳತಿ ಏನೂ ಕೇಳಲಿಲ್ಲ. ಪ್ರತಿ ಗುರುವಾರ ಬಂದು ಕೊಳೆ ಬಟ್ಟೆಯ ಚೀಲ ಎತ್ತಿಕೊಂಡು ಹೋಗುತ್ತಿದ್ದಳು, ಭಾನುವಾರ ಒಗೆದು ಇಸ್ತ್ರಿ ಮಾಡಿ ತಂದಿಡುತ್ತಿದ್ದಳು. ಒಂದೊಂದು ಸಲ ಐದು ನಿಮಿಷವೂ ಕೂರುತ್ತಿರಲಿಲ್ಲ.

2024ರ ಡಿಸೆಂಬರ್‌ನಲ್ಲಿ ಕೊನೆಯ ಮಾತ್ರೆ. ಊರಿಗೆ ಬಂದೆವು. ರೈಲು ಕ್ಯಾತ್ಸಂದ್ರ ದಾಟುವಾಗ ಸಿದ್ಧಗಂಗೆ ಬೆಟ್ಟಕ್ಕೆ ಕೈ ಮುಗಿದೆ. ಬೀದಿಯವರೆಲ್ಲ ಬಂದರು, ಸಿಹಿ ಹಂಚಿದೆವು. "ಇನ್ನು ಆರಾಮಾಗಿರು" ಅಂದರು. ಎಲ್ಲರೂ ಹೋದರು. ಆಗ ಶುರುವಾಯಿತು ನನಗೆ.

ಡಾಕ್ಟರಿಲ್ಲ, ಸಿಸ್ಟರಿಲ್ಲ, ಮುಂದಿನ ಕೆಲಸ ಅನ್ನುವುದೇ ಇಲ್ಲ. ರಾತ್ರಿ ನಾಲ್ಕೈದು ಸಲ ಎದ್ದು ಅವನ ಹಣೆ ಮುಟ್ಟುತ್ತಿದ್ದೆ. ಸೊಳ್ಳೆ ಕಚ್ಚಿದ ಗುರುತು ಕಂಡರೂ ಎದೆ ಹೊಡೆದುಕೊಳ್ಳುತ್ತಿತ್ತು. ಮೇ ತಿಂಗಳಲ್ಲಿ ಸ್ಕೂಲಿಗೆ ಶೂ ಕೊಳ್ಳಲು ಹೋದೆವು. ಅಂಗಡಿಯವರು "ಒಂದು ಸೈಜ್ ದೊಡ್ಡದೇ ತಗೊಳ್ಳಿ ಮೇಡಂ, ಮುಂದಿನ ವರ್ಷಕ್ಕೂ ಬರುತ್ತೆ" ಅಂದರು. ಮುಂದಿನ ವರ್ಷ ಅನ್ನುವ ಮಾತು ಕೇಳಿ ಹತ್ತಿರ ಹತ್ತಿರ ಮೂರು ವರ್ಷ ಆಗಿತ್ತು. ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ನಲ್ಲಿ ಇರಲಿಲ್ಲ, ಎಲ್ಲರಿಗೂ ಕೇಳಿಸಿತು. ನಿಲ್ಲಿಸಲು ಆಗಲಿಲ್ಲ.

ಮನೆಯವರು ಹೆದರಿ ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿಸಿದರು. 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆ ಕಡೆಯಿಂದ ಮಾತಾಡಿದ ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡು, "ಮೇಡಂ, ನೀವು ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡ್ತೀರಿ?" ಅಂತ ಕೇಳಿದರು. ಮಗನ ಯಾವ ದಿನದ ಪ್ಲೇಟ್ಲೆಟ್ ಎಷ್ಟು ಅಂತ ನಾನು ಈಗಲೂ ಹೇಳಬಲ್ಲೆ. ಆ ಪ್ರಶ್ನೆಗೆ ಉತ್ತರ ಬರಲಿಲ್ಲ. ಮಕ್ಕಳ ಕ್ಯಾನ್ಸರ್ ನೋಡಿಕೊಂಡ ತಂದೆತಾಯಿಗೆ ಚಿಕಿತ್ಸೆ ಮುಗಿದ ಮೇಲೂ ಹೀಗಾಗುವುದು ಎಷ್ಟೋ ಕಡೆ ಕಂಡಿದೆ, ಇದಕ್ಕೂ ಚಿಕಿತ್ಸೆ ಇದೆ ಅಂದರು. ನಮ್ಮ ಜಿಲ್ಲೆಯಲ್ಲೇ ಒಬ್ಬ ಮನೋವೈದ್ಯರ ಹತ್ತಿರ ಹೋದೆ. ನಾಲ್ಕು ತಿಂಗಳು ಮಾತ್ರೆ, ತಿಂಗಳಿಗೆರಡು ಸಲ ಮಾತು. ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಿಗೆ ಮತ್ತೆ ಗೆರೆ ಎಳೆದೆ. ತಾರೀಕು, ಮಲಗಿದ ಹೊತ್ತು, ಎದ್ದ ಹೊತ್ತು, ನನ್ನ ಊಟ.

ನಾನು ಇನ್ನೂ ತೀರಿಸುತ್ತಿರುವುದು ಮಗಳ ಲೆಕ್ಕ. ಅವಳು ಆಗ ನಾಲ್ಕನೇ ಕ್ಲಾಸು. ಅಜ್ಜಿ ಮನೆಯಲ್ಲಿ ಬಿಟ್ಟಿದ್ದೆವು. ಜಾಣೆ, ಹಟ ಮಾಡುವುದಿಲ್ಲ ಅಂತ ಎಲ್ಲರೂ ಹೊಗಳಿದರು. ಒಂದು ದಿನ ಫೋನಿನಲ್ಲಿ ಮೆಲ್ಲಗೆ ಕೇಳಿದ್ದಳು, "ಅಮ್ಮ, ನಂಗೂ ಜ್ವರ ಬಂದ್ರೆ ನೀನು ಬರ್ತೀಯಾ?" ಬರ್ತೀನಿ ಅಂದಿದ್ದೆ. ಬಂದಿತ್ತಂತೆ ಒಂದು ಸಲ. ಅಮ್ಮ ನನಗೆ ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಈಗ ಅವಳು ಏಳನೇ ಕ್ಲಾಸು. ಚೆಕಪ್‌ನಿಂದ ಬಂದ ಮಾರನೇ ವಾರ ಅವಳಿಗೆ ಸುಮ್ನೆ ನೆಗಡಿ ಜ್ವರ. 99.6. ನಾನು ಸೊಸೈಟಿಗೆ ಎರಡು ದಿನ ರಜೆ ಹಾಕಿದೆ. ಮೆಣಸಿನ ಸಾರು ಮಾಡಿ, ಅವಳ ಹಾಸಿಗೆಯ ಪಕ್ಕ ಕೂತೆ. ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿಯಿತು. "ಬಿಟ್ಟಿದೆ ಅಮ್ಮ, ನೀನು ಆಫೀಸಿಗೆ ಹೋಗು" ಅಂದಳು. ಹೋಗಲ್ಲ ಅಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಸ್ವಲ್ಪ ಹೊತ್ತಿಗೆ ತಿರುಗದೆಯೇ ಕೈ ಹಿಂದೆ ಚಾಚಿ ನನ್ನ ಸೆರಗಿನ ತುದಿ ಹುಡುಕಿ ಹಿಡಿದುಕೊಂಡಳು.